ನಾವೇ ಚಿತ್ರಿಸಿದ ಕಂಟ್ರೋಲ್‌ಗಳಲ್ಲಿ ಮೌಸ್ ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಧಾರವಾಡ, ವಿಜಯಪುರಗಳಿಂದ ಕೆಲಸ ಹುಡುಕಿಕೊಂಡು ಪುಣೆಗೆ ಬಂದವರೆಲ್ಲ ಹಿಂಜವಡಿಯ ಗಾಜಿನ ಕಟ್ಟಡಗಳಲ್ಲಿ ಕುಳಿತು ವೆಬ್ ಪುಟಗಳನ್ನೇ ಬರೆಯುತ್ತಾರೆಂದು ಊರಿನವರು ತಿಳಿದಿರುತ್ತಾರೆ. ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಿಗೆ ಪರೀಕ್ಷಾ ಯಂತ್ರಗಳನ್ನು ಮಾಡಿಕೊಡುವ ಸಣ್ಣ ಕಂಪನಿಗಳಲ್ಲಿ ವಿಂಡೋಸ್ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರೂ ಅವರಲ್ಲಿದ್ದಾರೆ. ನಾನೂ ಅದೇ ಕಸುಬಿನವನು. ಯಂತ್ರದ ಪಕ್ಕದ ಪರದೆಯಲ್ಲಿ ಬೇಕಾಗುವ ಒತ್ತಡದ ಡಯಲ್, ಕವಾಟಗಳ ನಕ್ಷೆ, ಹಂತಗಳ ಸಮಯಪಟ್ಟಿ ಇವೆಲ್ಲ ಸಿದ್ಧ ರೂಪದಲ್ಲಿ ಸಿಗುವುದಿಲ್ಲವಾದ್ದರಿಂದ ನಾವೇ ಚಿತ್ರಿಸಬೇಕಾಗುತ್ತದೆ. ಪರದೆಯ ಇಂಥ ಭಾಗಗಳಿಗೆ ಕಂಟ್ರೋಲ್ ಎನ್ನುತ್ತೇವೆ. ಚಿತ್ರ ಎರಡು ದಿನಗಳಲ್ಲಿ ಮುಗಿಯುತ್ತದೆ; ಮೌಸ್ ಎರಡು ತಿಂಗಳು ಕಾಡುತ್ತದೆ. ಭಾನುವಾರಗಳಂದು ಕೋಥರೂಡದ ನಮ್ಮ ಮನೆಗೆ ಬರುವ ಕಿರಿಯ ಗೆಳೆಯರು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಉತ್ತರಗಳು ಮುಖ್ಯವಾಗಿ ವಿನ್32, ಅಂದರೆ ವಿಂಡೋಸ್‌ನ ಮೂಲ ಪ್ರೋಗ್ರಾಮಿಂಗ್ ಸೌಲಭ್ಯದ ಕುರಿತಾಗಿವೆ. ಅದರಲ್ಲಿ ಮೌಸ್‌ನ ಸುದ್ದಿಗಳು ‘ಸಂದೇಶ’ಗಳಾಗಿ ಬರುತ್ತವೆ; ಡಬ್ಲ್ಯೂಎಂ ಎಂದು ಆರಂಭವಾಗುವ ಹೆಸರುಗಳು ಅಂಥ ಸಂದೇಶಗಳವು. ಬೇರೆ ಟೂಲ್‌ಕಿಟ್‌ಗಳ (ಕ್ಯೂಟಿ, ವಿಂಡೋಸ್ ಫಾರ್ಮ್ಸ್, ಡಬ್ಲ್ಯೂಪಿಎಫ್‌ನಂಥ, ಪರದೆ ಕಟ್ಟುವ ಸಿದ್ಧ ಸಾಮಗ್ರಿಗಳ) ನಡತೆ ಬೇರೆಯಾಗಿರುವಲ್ಲಿ ಅದನ್ನೂ ಸೂಚಿಸಿದ್ದೇನೆ. ಉದಾಹರಣೆಗೆ 0ಯಿಂದ 250 ಬಾರ್‌ವರೆಗೆ ಒತ್ತಡ ಹೊಂದಿಸುವ ಒಂದು ದುಂಡು ಡಯಲನ್ನು ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಸಿದ್ಧ ಬಟನ್‌ನ ರೂಪವನ್ನು ಬದಲಿಸುವುದಕ್ಕೂ ಕಂಟ್ರೋಲನ್ನು ಪೂರ್ತಿಯಾಗಿ ನಾವೇ ಚಿತ್ರಿಸುವುದಕ್ಕೂ ಮೌಸ್‌ನ ದೃಷ್ಟಿಯಿಂದ ಏನು ವ್ಯತ್ಯಾಸ?

ಬಹಳ ವ್ಯತ್ಯಾಸವಿದೆ, ಮತ್ತು ಕೆಲಸ ಹಿಡಿಯುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಬೇಕು. ಓನರ್‌ಡ್ರಾ ಬಟನ್‌ನಲ್ಲಿ (ಸಿದ್ಧ ಬಟನ್ನೇ, ರೂಪ ಮಾತ್ರ ನಮ್ಮದು) ಚಿತ್ರ ಬರೆಯುವ ಹೊತ್ತಿಗೆ ಮಾತ್ರ ವ್ಯವಸ್ಥೆಯು ಡಬ್ಲ್ಯೂಎಂ ಡ್ರಾಐಟಂ ಸಂದೇಶ ಕಳುಹಿಸಿ ನಿಮ್ಮನ್ನು ಕರೆಯುತ್ತದೆ. ಒತ್ತುವುದು, ಬಿಡುವುದು, ಸ್ಪೇಸ್ ಕೀಲಿ, ಫೋಕಸ್ (ಕೀಲಿಮಣೆಯ ಒತ್ತುಗಳು ಯಾರಿಗೆ ಹೋಗಬೇಕೆಂಬುದು) ಎಲ್ಲವೂ ಅದರ ಕೈಯಲ್ಲೇ ಉಳಿಯುತ್ತವೆ. ನಿಮ್ಮದೇ ವಿಂಡೋ ಕ್ಲಾಸ್ ನೋಂದಾಯಿಸಿದರೆ, ಅಂದರೆ ಹೊಸ ಬಗೆಯ ಕಂಟ್ರೋಲನ್ನೇ ಕಟ್ಟಿದರೆ (ವಿನ್32ರಲ್ಲಿ ಇಂಥ ಕಂಟ್ರೋಲೂ ಒಂದು ವಿಂಡೋ), ಇವುಗಳಲ್ಲಿ ಒಂದೂ ಪುಕ್ಕಟೆಯಾಗಿ ಬರುವುದಿಲ್ಲ. ಬಣ್ಣ ಮತ್ತು ಅಂಚು ಮಾತ್ರ ಬದಲಾಗಬೇಕಿದ್ದರೆ ಓನರ್‌ಡ್ರಾದಲ್ಲೇ ನಿಲ್ಲಿಸಿ, ಮುಂದಿನದನ್ನು ಓದುವ ಶ್ರಮವೂ ಬೇಡ.

ಪ್ರಶ್ನೆ: ಡಯಲ್‌ನಂಥದ್ದಕ್ಕೆ ಸಿದ್ಧ ಕಂಟ್ರೋಲ್ ಇಲ್ಲವೇ ಇಲ್ಲ. ಹಾಗಾದರೆ ಕೋಡನ್ನು ಎಲ್ಲಿಂದ ಆರಂಭಿಸಬೇಕು?

ಕಾಗದದಿಂದ. ಕಂಟ್ರೋಲ್ ಯಾವ ಯಾವ ಸ್ಥಿತಿಗಳಲ್ಲಿ ಇರಬಲ್ಲದು ಎಂಬುದನ್ನು ಮೊದಲು ಬರೆದುಕೊಳ್ಳಿ: ಸುಮ್ಮನಿರುವುದು, ಕರ್ಸರ್ ಮೇಲೆ ಸುಳಿದಿರುವುದು, ಒತ್ತಿರುವುದು, ಒತ್ತಿಕೊಂಡೇ ಹೊರಗೆ ಜಾರಿರುವುದು, ಎಳೆಯುತ್ತಿರುವುದು. ಬಳಿಕ ಒಂದೊಂದು ಸ್ಥಿತಿಯಿಂದ ಹೊರಬರುವ ದಾರಿಗಳನ್ನೆಲ್ಲ ಗುರುತಿಸಿ. ಕೋಡ್‌ನಲ್ಲಿ ಇದಕ್ಕೆ ಒಂದೇ ಒಂದು ಚರ ಇರಲಿ. ‘ಒತ್ತಿದೆಯೇ’, ‘ಸುಳಿದಿದೆಯೇ’, ‘ಎಳೆಯುತ್ತಿದೆಯೇ’ ಎಂದು ಮೂರು ಬೂಲಿಯನ್‌ಗಳನ್ನು (ಹೌದು-ಅಲ್ಲ ಚರಗಳನ್ನು) ಇಟ್ಟುಕೊಂಡವರಿಗೆ ಎಂಟು ಸಂಯೋಜನೆಗಳು ಗಂಟು ಬೀಳುತ್ತವೆ, ಅವುಗಳಲ್ಲಿ ಮೂರೋ ನಾಲ್ಕೋ ಅರ್ಥವಿಲ್ಲದವು, ಮತ್ತು ತಂತ್ರಾಂಶವು ಗಿರಾಕಿಯ ಮುಂದೆ ಸರಿಯಾಗಿ ಅವುಗಳಲ್ಲೊಂದಕ್ಕೇ ಹೋಗಿ ನಿಲ್ಲುತ್ತದೆ.

ಮೌಸ್ ಸಂದೇಶಗಳನ್ನು ನೋಡಿಕೊಳ್ಳುವ ಕೋಡ್ ಸ್ಥಿತಿಯನ್ನು ಬದಲಿಸಿ ಇನ್‌ವ್ಯಾಲಿಡೇಟ್‌ರೆಕ್ಟ್ ಕರೆದು (ಮತ್ತೆ ಚಿತ್ರಿಸುವಂತೆ ಕೇಳಿಕೊಂಡು) ಸುಮ್ಮನಾಗಬೇಕು. ಚಿತ್ರಿಸುವ ಕೋಡ್ ಆ ಸ್ಥಿತಿಯನ್ನು ಓದಿ ಚಿತ್ರಿಸಬೇಕು. ಒತ್ತಿದ ಕ್ಷಣದಲ್ಲೇ ಅಲ್ಲಿಯೇ ಬಣ್ಣ ಬಳಿಯುವ ಆತುರ ತೋರಿದರೆ, ಮುಂದಿನ ಪೇಂಟ್ ಸಂದೇಶ ಬಂದಾಗ ಆ ಬಣ್ಣ ಅಳಿಸಿಹೋಗುತ್ತದೆ.

ನಡತೆ ಹೇಗಿರಬೇಕೆಂದು ತಿಳಿಯದಿದ್ದರೆ ವಿಂಡೋಸ್‌ನ ಸಾಮಾನ್ಯ ಬಟನ್ನನ್ನೇ ಗಮನವಿಟ್ಟು ನೋಡಿ. ಒತ್ತಿ ಹಿಡಿದು ಹೊರಗೆ ಜಾರಿದರೆ ಅದು ಮೇಲೇಳುತ್ತದೆ, ಮರಳಿ ಒಳಗೆ ಬಂದರೆ ಮತ್ತೆ ಕೆಳಗಿಳಿಯುತ್ತದೆ, ಹೊರಗೆ ಬಿಟ್ಟರೆ ಏನೂ ಆಗುವುದಿಲ್ಲ. ಒತ್ತಿದವನಿಗೆ ಮನಸ್ಸು ಬದಲಿಸಲು ಇರುವ ಅವಕಾಶವದು. ಒತ್ತಿದ ತಕ್ಷಣವೇ ಕೆಲಸ ನಡೆಸಿಬಿಡುವ ಬಟನ್ ಆ ಅವಕಾಶವನ್ನು ಕಿತ್ತುಕೊಳ್ಳುತ್ತದೆ, ಆದ್ದರಿಂದ ತುರ್ತು ನಿಲುಗಡೆಯಂಥದ್ದನ್ನು ಬಿಟ್ಟು ಬೇರೆಲ್ಲಿಯೂ ಹಾಗೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಡಯಲನ್ನು ಎಳೆಯುತ್ತ ಕರ್ಸರ್ ವಿಂಡೋದಿಂದ ಹೊರಗೆ ಹೋದರೆ ಮೌಸ್ ಗುಂಡಿ ಬಿಟ್ಟ ಸಂದೇಶವೇ ಬರುವುದಿಲ್ಲ. ಏಕೆ?

ಮೌಸ್ ಸಂದೇಶಗಳು ಸಾಮಾನ್ಯವಾಗಿ ಕರ್ಸರ್ ಯಾವ ವಿಂಡೋದ ಮೇಲಿದೆಯೋ ಅದಕ್ಕೇ ಹೋಗುತ್ತವೆ. ಗುಂಡಿ ಒತ್ತಿದಾಗ ಸೆಟ್‌ಕ್ಯಾಪ್ಚರ್ ಕರೆದರೆ, ಕರ್ಸರ್ ಎಲ್ಲಿಗೆ ಹೋದರೂ ಸಂದೇಶಗಳು ನಿಮ್ಮ ವಿಂಡೋಗೆ ಬರುತ್ತವೆ. ಬಿಟ್ಟಾಗ ರಿಲೀಸ್‌ಕ್ಯಾಪ್ಚರ್ ಕರೆಯಬೇಕು. ಕ್ಯೂಟಿ ಮತ್ತು ವಿಂಡೋಸ್ ಫಾರ್ಮ್ಸ್‌ಗಳಲ್ಲಿ ಒತ್ತಿದ ಕ್ಷಣದಲ್ಲಿ ಈ ಹಿಡಿತ ತಾನಾಗಿಯೇ ಸಿಗುತ್ತದೆ, ಡಬ್ಲ್ಯೂಪಿಎಫ್‌ನಲ್ಲಿ ಕ್ಯಾಪ್ಚರ್‌ಮೌಸ್ ಎಂದು ನೀವೇ ಕೇಳಿಕೊಳ್ಳಬೇಕು.

ಪ್ರಶ್ನೆ: ಸೆಟ್‌ಕ್ಯಾಪ್ಚರ್ ಹಾಕಿದ ಮೇಲೂ ಕೆಲವೊಮ್ಮೆ ಡಯಲ್ ಮೌಸ್‌ಗೆ ಅಂಟಿಕೊಂಡುಬಿಡುತ್ತದೆ. ಗುಂಡಿ ಬಿಟ್ಟಿದ್ದರೂ ಮುಳ್ಳು ಕರ್ಸರಿನ ಹಿಂದೆಯೇ ತಿರುಗುತ್ತದೆ. ಇದೇನು?

ಇಡೀ ಪುಟದಲ್ಲಿ ಒಂದೇ ಪ್ರಶ್ನೆಗೆ ಉತ್ತರಿಸಬೇಕೆಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಒತ್ತಿದ್ದಕ್ಕೆ ಪ್ರತಿಯಾಗಿ ಬಿಟ್ಟ ಸಂದೇಶ ಬಂದೇ ಬರುತ್ತದೆ ಎಂಬ ನಂಬಿಕೆ ಇದರ ಮೂಲ. ಅದು ಬರದೇ ಇರಬಹುದು.

ಈ ಪಾಠ ನನಗೆ ಸಿಕ್ಕಿದ್ದು ಹೈಡ್ರಾಲಿಕ್ ಪರೀಕ್ಷೆಯ ಒಂದು ಯಂತ್ರದ ಮುಂದೆ. ಆಪರೇಟರ್ ಒತ್ತಡದ ಡಯಲನ್ನು ಎಳೆಯುತ್ತಿದ್ದಾಗಲೇ ಎಣ್ಣೆಯ ಉಷ್ಣತೆ ಏರಿದೆಯೆಂಬ ಎಚ್ಚರಿಕೆಯ ಪೆಟ್ಟಿಗೆ ಪರದೆಯ ಮೇಲೆ ಮೂಡಿತು. ಅವರು ಕೈ ಬಿಟ್ಟರು. ಬಿಟ್ಟ ಸಂದೇಶ ಆ ಪೆಟ್ಟಿಗೆಯ ಪಾಲಾಯಿತು. ಪೆಟ್ಟಿಗೆಯನ್ನು ಮುಚ್ಚಿ ಮೌಸನ್ನು ಬೇರೆ ಕೆಲಸಕ್ಕೆಂದು ಡಯಲ್‌ನ ಮೇಲಿಂದ ಸರಿಸಿದಾಗ, ಗುಂಡಿ ಇನ್ನೂ ಒತ್ತಿಯೇ ಇದೆಯೆಂದು ತಿಳಿದಿದ್ದ ನನ್ನ ಕೋಡ್ ಮುಳ್ಳನ್ನು ಮೇಲಕ್ಕೆ ತಿರುಗಿಸಿತು. ಯಂತ್ರದಲ್ಲಿ ಒತ್ತಡ ಮಿತಿಯ ಕವಾಟ ಬೇರೆಯಾಗಿ ಇದ್ದುದರಿಂದ ಅನಾಹುತವೇನೂ ಆಗಲಿಲ್ಲ, ಆದರೆ ಆ ಆಪರೇಟರ್ ಅನಂತರ ನನ್ನ ಡಯಲನ್ನು ಮುಟ್ಟದೆ ಅಂಕೆಗಳನ್ನು ಟೈಪ್ ಮಾಡುತ್ತಿದ್ದರು.

ಸಂವಾದ ಪೆಟ್ಟಿಗೆ ತೆರೆದಾಗ ವ್ಯವಸ್ಥೆಯು ಡಬ್ಲ್ಯೂಎಂ ಕ್ಯಾನ್ಸೆಲ್‌ಮೋಡ್ ಕಳುಹಿಸುತ್ತದೆ, ಪೂರ್ವನಿಯೋಜಿತ ನಿರ್ವಹಣೆ ಹಿಡಿತವನ್ನು ಬಿಡಿಸುತ್ತದೆ, ಮತ್ತು ಹಿಡಿತ ಕೈತಪ್ಪಿದ ವಿಂಡೋಗೆ ಡಬ್ಲ್ಯೂಎಂ ಕ್ಯಾಪ್ಚರ್‌ಚೇಂಜ್ಡ್ ಬರುತ್ತದೆ. ಎಳೆತವನ್ನು ಮುಗಿಸುವ ಕೆಲಸವೆಲ್ಲ ಈ ಕೊನೆಯ ಸಂದೇಶದಲ್ಲಿಯೇ ನಡೆಯಬೇಕು. ನೀವೇ ರಿಲೀಸ್‌ಕ್ಯಾಪ್ಚರ್ ಕರೆದಾಗಲೂ ಇದು ಬರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಆದ್ದರಿಂದ ಗುಂಡಿ ಬಿಟ್ಟ ಸಂದೇಶದಲ್ಲಿ ಮೊದಲು ಹೊಸ ಮೌಲ್ಯವನ್ನು ಖಚಿತಪಡಿಸಿ, ಸ್ಥಿತಿಯನ್ನು ಸುಮ್ಮನಿರುವುದಕ್ಕೆ ಮರಳಿಸಿ, ಆಮೇಲೆ ಹಿಡಿತ ಬಿಡಿ. ಆಗ ಕ್ಯಾಪ್ಚರ್‌ಚೇಂಜ್ಡ್ ಬಂದಾಗ ಸ್ಥಿತಿ ಇನ್ನೂ ‘ಎಳೆಯುತ್ತಿರುವುದು’ ಎಂದೇ ಇದ್ದರೆ, ಎಳೆತ ನಡುವೆಯೇ ಮುರಿದಿದೆ ಎಂದರ್ಥ. ಮೌಲ್ಯವನ್ನು ಒತ್ತುವ ಮೊದಲಿದ್ದಲ್ಲಿಗೆ ಹಿಂದಿರುಗಿಸಿ. ಎಸ್ಕೇಪ್ ಕೀಲಿಗೂ ಇದೇ ದಾರಿಯನ್ನು ಬಳಸಬಹುದು. ಆ ಸಂದೇಶದೊಳಗೆ ಮತ್ತೆ ಸೆಟ್‌ಕ್ಯಾಪ್ಚರ್ ಕರೆದು ಹಿಡಿತವನ್ನು ಕಸಿದುಕೊಳ್ಳಲು ಹೋಗಬೇಡಿ.

ಎರಡನೆಯ ಕಾವಲಾಗಿ, ಮೌಸ್ ಸರಿದ ಪ್ರತಿಯೊಂದು ಸಂದೇಶದ ಜೊತೆಗೆ ಬರುವ ಗುಂಡಿಗಳ ಸ್ಥಿತಿಯನ್ನು ನೋಡಿ: ಎಳೆಯುತ್ತಿದ್ದೇವೆಂದು ನಾವು ತಿಳಿದಿರುವಾಗ ಎಡಗುಂಡಿ ಒತ್ತಿಲ್ಲವೆಂದು ಅದು ಹೇಳಿದರೆ, ಅದನ್ನೇ ನಂಬಿ ಎಳೆತವನ್ನು ರದ್ದುಮಾಡಿ.

ಪ್ರಶ್ನೆ: ಕರ್ಸರ್ ಮೇಲೆ ಬಂದಾಗ ಹೊಳೆಯುವ ಅಂಚು, ಕರ್ಸರ್ ಹೋದ ಮೇಲೂ ಹೊಳೆಯುತ್ತಲೇ ಇರುತ್ತದೆ. ಹೇಗೆ ಆರಿಸುವುದು?

ಹೊರಟುಹೋದ ಸುದ್ದಿಯನ್ನು ವಿನ್32 ತಾನಾಗಿ ಹೇಳುವುದಿಲ್ಲ. ಟ್ರ್ಯಾಕ್‌ಮೌಸ್‌ಇವೆಂಟ್ ಕರೆದು ಕೇಳಿಕೊಂಡರೆ ಡಬ್ಲ್ಯೂಎಂ ಮೌಸ್‌ಲೀವ್ ಬರುತ್ತದೆ, ಅದೂ ಒಂದೇ ಸಲ. ಕರ್ಸರ್ ಮರಳಿ ಬಂದಾಗ ಮತ್ತೆ ಕೇಳಿಕೊಳ್ಳಬೇಕು. ಮೊದಲ ಸಲ ಸರಿಯಾಗಿ ಕೆಲಸ ಮಾಡಿ ಎರಡನೆಯ ಸಲದಿಂದ ಕೆಡುವ ಹೊಳಪಿಗೆ ಇದೇ ಕಾರಣ. ಒಂದೇ ವಿಂಡೋದೊಳಗೆ ಹತ್ತು ಕವಾಟಗಳನ್ನು ಚಿತ್ರಿಸಿದ್ದರೆ, ಒಂದರಿಂದ ಇನ್ನೊಂದಕ್ಕೆ ದಾಟಿದಾಗ ಯಾವ ಸಂದೇಶವೂ ಬರುವುದಿಲ್ಲ. ಈಗ ಕರ್ಸರಿನ ಕೆಳಗಿರುವುದು ಎಷ್ಟನೆಯದು ಎಂಬುದನ್ನು ನೀವೇ ನೆನಪಿಟ್ಟು, ಬದಲಾದಾಗ ಹಳೆಯದನ್ನೂ ಹೊಸದನ್ನೂ ಎರಡನ್ನೂ ಮರುಚಿತ್ರಿಸಬೇಕು.

ಕ್ಯೂಟಿ ಬಳಸುವವರಿಗೆ ಪ್ರವೇಶ ಮತ್ತು ನಿರ್ಗಮನದ ಸುದ್ದಿ ಸಿದ್ಧವಾಗಿ ಸಿಗುತ್ತದೆ. ಆದರೆ ಗುಂಡಿ ಒತ್ತದೆ ಸರಿದಾಡುವಾಗಲೂ ಸುದ್ದಿ ಬೇಕಿದ್ದರೆ ಸೆಟ್‌ಮೌಸ್‌ಟ್ರ್ಯಾಕಿಂಗ್ ಆನ್ ಮಾಡಬೇಕು, ಅದು ಮೊದಲಿಗೆ ಆಫ್ ಆಗಿರುತ್ತದೆ.

ಪ್ರಶ್ನೆ: ಡಯಲ್ ದುಂಡಗಿದೆ, ವಿಂಡೋ ಚೌಕವಾಗಿದೆ. ಮೂಲೆಯ ಖಾಲಿ ಜಾಗದಲ್ಲಿ ಒತ್ತಿದರೂ ಡಯಲ್ ತಿರುಗುತ್ತದೆಯಲ್ಲ?

ಒತ್ತಿದ ಬಿಂದು ಆಕೃತಿಯ ಒಳಗಿದೆಯೇ ಎಂದು ನೀವು ಲೆಕ್ಕ ಹಾಕಬೇಕು. ಕೇಂದ್ರ 100, 100ರಲ್ಲಿಯೂ ತ್ರಿಜ್ಯ 60 ಪಿಕ್ಸೆಲ್ ಆಗಿಯೂ ಇರುವಾಗ 140, 150ರಲ್ಲಿ ಒತ್ತಿದರೆ, ವ್ಯತ್ಯಾಸಗಳಾದ 40 ಮತ್ತು 50ರ ವರ್ಗಗಳ ಮೊತ್ತ 4100. ತ್ರಿಜ್ಯದ ವರ್ಗ 3600. ಚೌಕದ ಲೆಕ್ಕದಲ್ಲಿ ಒಳಗಿರುವ ಬಿಂದು ವೃತ್ತದ ಲೆಕ್ಕದಲ್ಲಿ ಹೊರಗಾಯಿತು. ವರ್ಗಗಳನ್ನೇ ಹೋಲಿಸಿದರೆ ಸಾಕು, ವರ್ಗಮೂಲ ಬೇಕಿಲ್ಲ. ಕೊಳವೆಯಂಥ ತೆಳುಗೆರೆಗಳಿಗೆ ರೇಖಾಖಂಡದಿಂದ ಬಿಂದುವಿನ ದೂರವನ್ನು ಲೆಕ್ಕ ಹಾಕಿ, ಗೆರೆಯ ದಪ್ಪಕ್ಕಿಂತ ಕೆಲವು ಪಿಕ್ಸೆಲ್ ಹೆಚ್ಚು ಸಡಿಲ ಕೊಡಿ. ಒಂದರ ಮೇಲೊಂದು ಬಂದಿರುವ ಆಕೃತಿಗಳಲ್ಲಿ ಕೊನೆಗೆ ಚಿತ್ರಿಸಿದ್ದನ್ನು ಮೊದಲು ಪರೀಕ್ಷಿಸಬೇಕು, ಏಕೆಂದರೆ ನೋಡುವವನಿಗೆ ಮೇಲೆ ಕಾಣುವುದು ಅದೇ.

ಗಣಿತವನ್ನು ಇಷ್ಟು ಕರಾರುವಾಕ್ಕಾಗಿ ಹೇಳಿದ ಮೇಲೆ ಒಂದು ತದ್ವಿರುದ್ಧ ಮಾತನ್ನೂ ಹೇಳಬೇಕು: ಒತ್ತುವ ಜಾಗ ಕಾಣುವ ಜಾಗಕ್ಕಿಂತ ತುಸು ದೊಡ್ಡದಾಗಿರಲಿ. ಗುರಿ ದೊಡ್ಡದಾದಷ್ಟೂ ಹತ್ತಿರವಾದಷ್ಟೂ ಬೇಗ ಮುಟ್ಟಬಹುದೆಂಬುದನ್ನು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿಯೇ ಸೂತ್ರವಾಗಿ ಕೊಟ್ಟರು. ಅಂಗವಿಕಲರಿಗೂ ಬಳಸಲು ಬರುವಂತಿರಲೆಂದು ವೆಬ್‌ಗೆ ಬರೆದ ಡಬ್ಲ್ಯೂಸಿಎಜಿ 2.2 ನಿಯಮಾವಳಿ ಕನಿಷ್ಠ 24 ಸಿಎಸ್ಎಸ್ ಪಿಕ್ಸೆಲ್ (ವೆಬ್ ಪುಟದ ಅಳತೆಯ ಪಿಕ್ಸೆಲ್) ಉದ್ದಗಲವನ್ನು ಸೂಚಿಸುತ್ತದೆ. ಡೆಸ್ಕ್‌ಟಾಪ್‌ಗೂ ಅದು ಒಳ್ಳೆಯ ಅಳತೆಗೋಲು. ಚಾಕಣದ ಆಪರೇಟರ್ ಕೈಗವಸು ತೊಟ್ಟೇ ಮೌಸ್ ಹಿಡಿಯುತ್ತಾನೆ, ನಾವು ನಮ್ಮ ಮೇಜಿನ ಮೇಲೆ ಹಿಡಿದಂತೆ ಹಿಡಿಯುವುದಿಲ್ಲ.

ಡಬ್ಲ್ಯೂಪಿಎಫ್ ಬಳಸುವವರಿಗೆ ಒಂದು ಸೂಚನೆ. ಹಿನ್ನೆಲೆ ನಲ್ (ಏನನ್ನೂ ಕೊಡದ ಸ್ಥಿತಿ) ಆಗಿದ್ದರೆ ಆ ಖಾಲಿ ಜಾಗ ಮೌಸ್‌ಗೆ ಸಿಗುವುದಿಲ್ಲ, ಟ್ರಾನ್ಸ್‌ಪರೆಂಟ್ (ಪಾರದರ್ಶಕ) ಎಂದು ಕೊಟ್ಟರೆ ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ.

ಪ್ರಶ್ನೆ: ಡಯಲ್ ತಿರುಗಿಸುತ್ತಿರುವಾಗ ಮೌಲ್ಯ ಇದ್ದಕ್ಕಿದ್ದಂತೆ 250ರಿಂದ 0ಗೆ ಹಾರುತ್ತದೆ. ಎಲ್ಲಿ ತಪ್ಪಿದ್ದೇನೆ?

ಕೋನವನ್ನು ಎಟ್ಯಾನ್2ರಿಂದ (ಬಿಂದುವಿನ ಸ್ಥಾನದಿಂದ ಕೋನ ಕೊಡುವ ಫಂಕ್ಷನ್) ನೇರವಾಗಿ ಮೌಲ್ಯಕ್ಕೆ ಪರಿವರ್ತಿಸುತ್ತಿದ್ದೀರಿ. ಅದು ಕೊಡುವ ಕೋನವು 180 ಅಂಶ ದಾಟಿದೊಡನೆ ಋಣ 180ಕ್ಕೆ ಜಿಗಿಯುತ್ತದೆ. ಪ್ರತಿ ಚಲನೆಯಲ್ಲಿಯೂ ಹಿಂದಿನ ಕೋನಕ್ಕೂ ಈಗಿನ ಕೋನಕ್ಕೂ ಇರುವ ವ್ಯತ್ಯಾಸವನ್ನು ತೆಗೆದು, ಅದು 180ಕ್ಕಿಂತ ಹೆಚ್ಚಾದರೆ 360 ಕಳೆದು, ಋಣ 180ಕ್ಕಿಂತ ಕಡಿಮೆಯಾದರೆ 360 ಕೂಡಿಸಿ, ಬಂದಿದ್ದನ್ನು ಒಂದು ಮೊತ್ತಕ್ಕೆ ಸೇರಿಸುತ್ತ ಹೋಗಿ. ತೋರಿಸುವಾಗ ಮಾತ್ರ ಆ ಮೊತ್ತವನ್ನು ಬಾರ್‌ಗೆ ಪರಿವರ್ತಿಸಿ 0 ಮತ್ತು 250ರ ನಡುವೆ ಬಿಗಿಹಿಡಿಯಿರಿ. ಹೀಗೆ ಮಾಡಿದರೆ ಒತ್ತಿದ ಕೂಡಲೇ ಮುಳ್ಳು ಕರ್ಸರಿನತ್ತ ಹಾರುವ ಕಾಟವೂ ತಪ್ಪುತ್ತದೆ, ಏಕೆಂದರೆ ವ್ಯತ್ಯಾಸ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಪರದೆಯಲ್ಲಿ ಲಂಬ ಅಕ್ಷ ಕೆಳಮುಖವಾಗಿ ಬೆಳೆಯುತ್ತದೆ ಎಂಬುದನ್ನು ಮರೆತರೆ ಡಯಲ್ ತಿರುವುಮುರುವಾಗಿ ತಿರುಗುತ್ತದೆ. ಮ್ಯಾಕ್‌ನ ಎನ್ಎಸ್‌ವ್ಯೂನಲ್ಲಿ (ಅಲ್ಲಿನ ಕಂಟ್ರೋಲ್‌ಗಳ ಮೂಲ ಕ್ಲಾಸ್) ಮೂಲಬಿಂದು ಕೆಳಗಿನ ಎಡಮೂಲೆಯಲ್ಲಿರುವುದರಿಂದ ಅಲ್ಲಿ ಶಾಲೆಯ ಗಣಿತ ಹಾಗೆಯೇ ನಡೆಯುತ್ತದೆ. ಕೇಂದ್ರದ ಹತ್ತಿರ ಒಂದು ಪಿಕ್ಸೆಲ್ ಸರಿದರೂ ಕೋನ ವಿಪರೀತ ಬದಲಾಗುವುದರಿಂದ, ಅಲ್ಲಿನ ಐದಾರು ಪಿಕ್ಸೆಲ್‌ಗಳ ಚಲನೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು.

ನಿಜ ಹೇಳಬೇಕೆಂದರೆ, ಸಣ್ಣ ಡಯಲ್‌ಗಳಿಗೆ ದುಂಡಗೆ ಎಳೆಯುವ ಕ್ರಮವೇ ನನಗೆ ಒಪ್ಪಿಗೆಯಿಲ್ಲ. ಧ್ವನಿ ಸಂಸ್ಕರಣೆಯ ಹಲವು ತಂತ್ರಾಂಶಗಳಲ್ಲಿರುವಂತೆ, ಒತ್ತಿ ಹಿಡಿದು ಮೇಲಕ್ಕೆ ಎಳೆದರೆ ಹೆಚ್ಚು, ಕೆಳಕ್ಕೆ ಎಳೆದರೆ ಕಡಿಮೆ ಎಂದಿಟ್ಟರೆ ಕೈಗೆ ಹಗುರ, ಕೋಡಿಗೂ ಹಗುರ. ಶಿಫ್ಟ್ ಒತ್ತಿದಾಗ ಚಲನೆಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಬಹುದು.

ಪ್ರಶ್ನೆ: ಎಡಗಡೆಗೆ ಎರಡನೆಯ ಮಾನಿಟರ್ ಜೋಡಿಸಿದಾಗ ಮೌಲ್ಯಗಳು ಹುಚ್ಚುಹುಚ್ಚಾಗಿ ಬರುತ್ತವೆ. ಏಕೆ?

ನಿರ್ದೇಶಾಂಕವನ್ನು ಲೋವರ್ಡ್‌ನಿಂದ (ಸಂಖ್ಯೆಯ ಕೆಳಗಿನ 16 ಬಿಟ್‌ಗಳನ್ನು ಕೊಡುವ ಮ್ಯಾಕ್ರೊ) ತೆಗೆಯುತ್ತಿರುವಿರಿ. ಅದಕ್ಕೆ ಧನ-ಋಣ ಚಿಹ್ನೆ ತಿಳಿಯದು, ಋಣ 10ನ್ನು 65526 ಎಂದು ಓದುತ್ತದೆ. ಗೆಟ್-ಎಕ್ಸ್-ಎಲ್‌ಪ್ಯಾರಂ ಮತ್ತು ಅದರ ಜೊತೆಯ ಗೆಟ್-ವೈ-ಎಲ್‌ಪ್ಯಾರಂ ಬಳಸಿ. ಒಂದೇ ಮಾನಿಟರ್ ಇದ್ದರೂ, ಹಿಡಿತವಿರುವಾಗ ಕರ್ಸರ್ ವಿಂಡೋದ ಎಡಕ್ಕೆ ಅಥವಾ ಮೇಲಕ್ಕೆ ಹೋದರೆ ಇದೇ ದೋಷ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ಮೌಸ್‌ನ ಚಕ್ರ ತಿರುಗಿಸಿದರೆ ಡಯಲ್ ಬದಲಾಗಬೇಕೇ?

ತಾಂತ್ರಿಕ ಭಾಗ ಸುಲಭ. ಚಕ್ರದ ಒಂದು ಹಲ್ಲಿಗೆ ವಿಂಡೋಸ್ 120 ಎಂಬ ಅಂಕೆ ಕಳುಹಿಸುತ್ತದೆ. ನುಣುಪಾಗಿ ತಿರುಗುವ ಚಕ್ರಗಳೂ ಟಚ್‌ಪ್ಯಾಡ್‌ಗಳೂ ಅದಕ್ಕಿಂತ ಚಿಕ್ಕ ಅಂಕೆಗಳನ್ನು ಕಳುಹಿಸಬಹುದಾದ್ದರಿಂದ, 120ರಿಂದ ನೇರವಾಗಿ ಭಾಗಿಸಿ ಸೊನ್ನೆ ಪಡೆಯುವ ಬದಲು, ಅಂಕೆಗಳನ್ನು ಕೂಡಿಸುತ್ತ ಹೋಗಿ 120 ತುಂಬಿದಾಗ ಒಂದು ಹೆಜ್ಜೆ ಇಡಬೇಕು, ಉಳಿಕೆಯನ್ನು ಕಾಪಾಡಿಕೊಳ್ಳಬೇಕು. ಚಕ್ರದ ಸಂದೇಶದ ನಿರ್ದೇಶಾಂಕಗಳು ಇಡೀ ಪರದೆಗೆ ಸಂಬಂಧಿಸಿದವು, ಗುಂಡಿಯ ಸಂದೇಶಗಳಂತೆ ವಿಂಡೋಗೆ ಸಂಬಂಧಿಸಿದವಲ್ಲ. ಸ್ಕ್ರೀನ್‌ಟುಕ್ಲೈಂಟ್ ಬಳಸದೆ ಹಾಗೆಯೇ ಪರೀಕ್ಷಿಸಿದರೆ ತಪ್ಪು ಕವಾಟ ಸಿಗುತ್ತದೆ.

ಕಠಿಣವಾದ ಭಾಗ ಬೇರೆ. ಉದ್ದನೆಯ ಪುಟವೊಂದರಲ್ಲಿ ಆಪರೇಟರ್ ಚಕ್ರ ತಿರುಗಿಸುತ್ತ ಕೆಳಗಿಳಿಯುತ್ತಿರುವಾಗ, ಡಯಲ್ ಕರ್ಸರಿನ ಕೆಳಗೆ ಬಂದು ನಿಂತರೆ, ಪುಟ ಸರಿಯುವ ಬದಲು ಒತ್ತಡ ಬದಲಾಗತೊಡಗುತ್ತದೆ. ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಆದ್ದರಿಂದ ಯಂತ್ರದ ಮೌಲ್ಯಗಳನ್ನು ಹೊಂದಿಸುವ ಕಂಟ್ರೋಲ್ ಫೋಕಸ್ ಪಡೆದಿದ್ದರೆ ಮಾತ್ರ ಚಕ್ರಕ್ಕೆ ಓಗೊಡಬೇಕು, ಇಲ್ಲದಿದ್ದರೆ ಸಂದೇಶವನ್ನು ತಂದೆ ವಿಂಡೋಗೆ (ಕಂಟ್ರೋಲನ್ನು ಒಳಗೊಂಡ ವಿಂಡೋಗೆ) ದಾಟಿಸಬೇಕು.

ಪ್ರಶ್ನೆ: ಬೇಗ ಬೇಗ ಒತ್ತಿದರೆ ಎರಡರಲ್ಲಿ ಒಂದು ಒತ್ತು ಕಳೆದುಹೋಗುತ್ತದೆ. ಏಕೆ?

ವಿಂಡೋ ಕ್ಲಾಸಿಗೆ ಸಿಎಸ್ ಡಿಬಿಎಲ್‌ಕ್ಲಿಕ್ಸ್ ಗುಣವಿದ್ದರೆ ಸಂದೇಶಗಳು ಒತ್ತು, ಬಿಡು, ಡಬಲ್ ಕ್ಲಿಕ್, ಬಿಡು ಎಂಬ ಕ್ರಮದಲ್ಲಿ ಬರುತ್ತವೆ; ಎರಡನೆಯ ಒತ್ತಿನ ಜಾಗದಲ್ಲಿ ಡಬಲ್ ಕ್ಲಿಕ್ ಕುಳಿತಿರುತ್ತದೆ. ಡಬಲ್ ಕ್ಲಿಕ್ ಬೇಡವಾದರೆ ಆ ಗುಣವನ್ನು ತೆಗೆದುಹಾಕಿ. ಬೇಕಿದ್ದರೆ, ಒಂದು ಕ್ಲಿಕ್‌ನ ಕೆಲಸ ಆಗಲೇ ನಡೆದುಹೋಗಿರುತ್ತದೆ ಎಂಬುದನ್ನು ಲೆಕ್ಕಕ್ಕಿಟ್ಟು ವಿನ್ಯಾಸ ಮಾಡಿ. ಎರಡು ಒತ್ತುಗಳ ನಡುವಿನ ಪೂರ್ವನಿಯೋಜಿತ ಅವಧಿ 500 ಮಿಲಿಸೆಕೆಂಡ್, ಅಷ್ಟು ಹೊತ್ತು ಕಾದು ಒಂದು ಕ್ಲಿಕ್‌ಗೆ ಉತ್ತರಿಸುವ ಬಟನ್ ಜಡವೆನಿಸುತ್ತದೆ.

ಪ್ರಶ್ನೆ: ಕ್ಲಿಕ್ ಮಾಡಿದರೂ ಎಳೆದಂತೆ ಆಗುತ್ತದೆ. ಕೈ ಸ್ವಲ್ಪ ನಡುಗಿದರೂ ಸಮಯಪಟ್ಟಿಯ ತುಂಡು ಜಾರುತ್ತದೆ.

ಒತ್ತಿದ ಬಿಂದುವನ್ನು ನೆನಪಿಟ್ಟುಕೊಂಡು, ಅಲ್ಲಿಂದ ಎಸ್ಎಂ ಸಿಎಕ್ಸ್‌ಡ್ರ್ಯಾಗ್ ಮತ್ತು ಎಸ್ಎಂ ಸಿವೈಡ್ರ್ಯಾಗ್ ಸೂಚಿಸುವ ದೂರ ದಾಟುವವರೆಗೆ ಅದನ್ನು ಎಳೆತವೆಂದು ಪರಿಗಣಿಸಬೇಡಿ. ಅಂಕೆಯನ್ನು ನೀವೇ ಬರೆಯುವ ಬದಲು ವ್ಯವಸ್ಥೆಯನ್ನು ಕೇಳಿ.

ಪ್ರಶ್ನೆ: ಮೌಸ್ ಅಲುಗಾಡದಿದ್ದರೂ ಸರಿದ ಸಂದೇಶ ಬರುತ್ತದೆಯೇ?

ಬರುತ್ತದೆ. ಕರ್ಸರಿನ ಕೆಳಗಿನ ವಿಂಡೋಗಳ ಜೋಡಣೆ ಬದಲಾದಾಗಲೂ ವಿಂಡೋಸ್ ಅದನ್ನು ಕಳುಹಿಸಬಹುದು. ಹಿಂದಿನ ಸ್ಥಾನದೊಡನೆ ಹೋಲಿಸಿ ಒಂದೇ ಆಗಿದ್ದರೆ ಬಿಟ್ಟುಬಿಡಿ. ಇದಕ್ಕೆ ವ್ಯತಿರಿಕ್ತವಾದ ದೂರೂ ಇದೆ: ವೇಗವಾಗಿ ಗೀಚಿದರೆ ಗೆರೆ ಮೂಲೆಮೂಲೆಯಾಗಿ ಬರುತ್ತದೆ. ನಿಮ್ಮ ಕೋಡ್ ತಡಮಾಡಿದಷ್ಟೂ ನಡುವಿನ ಚಲನೆಗಳು ಒಂದರಲ್ಲೊಂದು ಕೂಡಿಹೋಗುತ್ತವೆ. ಗೆಟ್‌ಮೌಸ್‌ಮೂವ್‌ಪಾಯಿಂಟ್ಸ್‌ಇಎಕ್ಸ್ ಮೂಲಕ ಹಿಂದಿನ 64 ಬಿಂದುಗಳವರೆಗೆ ಪಡೆಯಬಹುದು.

ಪ್ರಶ್ನೆ: ಗಿರಾಕಿಯ ಲ್ಯಾಪ್‌ಟಾಪ್‌ನಲ್ಲಿ ಒತ್ತಿದ ಜಾಗ ಒಂದು, ತಿರುಗುವ ಡಯಲ್ ಇನ್ನೊಂದು. ನಮ್ಮಲ್ಲಿ ಎಲ್ಲವೂ ಸರಿಯಿದೆ.

ನಿಮ್ಮಲ್ಲಿ ಪರದೆಯ ಹಿಗ್ಗುವಿಕೆ ಶೇಕಡಾ 100, ಅಂದರೆ 96 ಡಿಪಿಐ (ಇಂಚಿಗೆ ಚುಕ್ಕೆಗಳು). ಅವರಲ್ಲಿ ಶೇಕಡಾ 150, ಅಂದರೆ 144. ಚಿತ್ರಿಸುವ ಕೋಡ್ ಅಳತೆಗಳನ್ನು ಒಂದೂವರೆ ಪಟ್ಟು ಮಾಡಿದೆ, ಬಿಂದು ಪರೀಕ್ಷಿಸುವ ಕೋಡ್ ಮಾಡಿಲ್ಲ. ಎರಡೂ ಕಡೆ ಅದೇ ಅಂಕೆಗಳನ್ನು ಬರೆದಿರುವುದೇ ನಿಜವಾದ ದೋಷ. ಕೇಂದ್ರ, ತ್ರಿಜ್ಯ, ಕವಾಟಗಳ ಚೌಕಗಳು ಇವನ್ನೆಲ್ಲ ಲೆಕ್ಕ ಹಾಕುವ ಒಂದೇ ಫಂಕ್ಷನ್ ಇರಲಿ. ಗೆಟ್‌ಡಿಪಿಐಫಾರ್‌ವಿಂಡೋ ಕೊಟ್ಟ ಅಂಕೆಯನ್ನು 96ರಿಂದ ಭಾಗಿಸಿ, ಬಂದದ್ದರಿಂದ ಅದು ಅಳತೆಗಳನ್ನು ಗುಣಿಸಲಿ. ಚಿತ್ರಿಸುವುದೂ ಪರೀಕ್ಷಿಸುವುದೂ ಅದನ್ನೇ ಕೇಳಲಿ. ವಿಂಡೋವನ್ನು ಒಂದು ಮಾನಿಟರ್‌ನಿಂದ ಬೇರೆ ಡಿಪಿಐ ಇರುವ ಇನ್ನೊಂದಕ್ಕೆ ಎಳೆದಾಗ ಡಬ್ಲ್ಯೂಎಂ ಡಿಪಿಐಚೇಂಜ್ಡ್ ಬರುತ್ತದೆ, ಆಗ ಮರುಲೆಕ್ಕ ಮಾಡಬೇಕು. ಅದಕ್ಕೆ ಮ್ಯಾನಿಫೆಸ್ಟ್‌ನಲ್ಲಿ (ತಂತ್ರಾಂಶದ ಜೊತೆಯ ಘೋಷಣಾ ಕಡತದಲ್ಲಿ) ಪ್ರತಿ ಮಾನಿಟರ್‌ನ ಡಿಪಿಐ ತಿಳಿಯುವುದಾಗಿ ಘೋಷಿಸಿರಬೇಕು.

ಪ್ರಶ್ನೆ: ಎಡಗೈಯವರು ಗುಂಡಿಗಳನ್ನು ಅದಲುಬದಲು ಮಾಡಿಕೊಂಡಿದ್ದರೆ ನಾವೇನು ಮಾಡಬೇಕು?

ಏನೂ ಬೇಡ. ಸಂದೇಶಗಳು ಅದಲುಬದಲಾಗಿಯೇ ಬರುತ್ತವೆ. ಗುಂಡಿ ಒತ್ತಿದೆಯೇ ಎಂದು ಕೇಳುವ ಗೆಟ್‌ಅಸಿಂಕ್‌ಕೀಸ್ಟೇಟ್ ಮಾತ್ರ ಭೌತಿಕ ಗುಂಡಿಯನ್ನೇ ಹೇಳುವುದರಿಂದ ಅದನ್ನು ದೂರವಿಡಿ.

ಪ್ರಶ್ನೆ: ಮೌಸ್ ಸರಿಯಾಗಿದ್ದರೆ ಕೀಲಿಮಣೆಯ ಚಿಂತೆ ಏಕೆ?

ಕಾರ್ಖಾನೆಯಲ್ಲಿ ಮೊದಲು ಕೆಡುವುದು ಮೌಸ್. ಎಣ್ಣೆ ಅಂಟಿದ ಮೌಸ್ ತಡವರಿಸುತ್ತಿರುವಾಗ ಬಾಣದ ಕೀಲಿಗಳಿಂದ ಒತ್ತಡ ಇಳಿಸಲು ಆಗದಿದ್ದರೆ ಆಪರೇಟರ್ ಏನು ಮಾಡಬೇಕು? ಗುಂಡಿ ಒತ್ತಿದಾಗ ಸೆಟ್‌ಫೋಕಸ್ ಅನ್ನು ನೀವೇ ಕರೆಯಬೇಕು, ನಿಮ್ಮ ಸ್ವಂತ ವಿಂಡೋ ತಾನಾಗಿ ಫೋಕಸ್ ಪಡೆಯುವುದಿಲ್ಲ. ಸಂವಾದ ಪೆಟ್ಟಿಗೆಯೊಳಗೆ ಬಾಣದ ಕೀಲಿಗಳು ನಿಮಗೇ ಬರಬೇಕಾದರೆ ಡಬ್ಲ್ಯೂಎಂ ಗೆಟ್‌ಡಿಎಲ್‌ಜಿಕೋಡ್‌ಗೆ ಹಾಗೆಂದು ಉತ್ತರಿಸಬೇಕು. ಪರದೆ ಓದುವ ತಂತ್ರಾಂಶಗಳಿಗೆ ನೀವು ಚಿತ್ರಿಸಿದ ಡಯಲ್ ಬರೀ ಬಣ್ಣದ ಚುಕ್ಕೆಗಳು; ಯುಐ ಆಟೊಮೇಷನ್ನಿನ (ಅಂಥ ತಂತ್ರಾಂಶಗಳಿಗೆ ಮಾಹಿತಿ ಕೊಡುವ ವಿಂಡೋಸ್ ಸೌಲಭ್ಯದ) ರೇಂಜ್‌ವ್ಯಾಲ್ಯೂ ಮಾದರಿಯನ್ನು ಒದಗಿಸಿದರೆ ಮಾತ್ರ ಅದೊಂದು ಮೌಲ್ಯವೆಂದು ಅವಕ್ಕೆ ತಿಳಿಯುತ್ತದೆ.

ಪ್ರಶ್ನೆ: ಗಿರಾಕಿಗೆ ಕೊಡುವ ಮೊದಲು ಏನನ್ನು ಪರೀಕ್ಷಿಸಬೇಕು?

ಎಳೆತವನ್ನು ಮುರಿಯುವ ಎಲ್ಲ ದಾರಿಗಳನ್ನು. ಡಯಲ್ ಹಿಡಿದಿರುವಾಗ ಆಲ್ಟ್ ಮತ್ತು ಟ್ಯಾಬ್ ಒತ್ತಿ, ಎಸ್ಕೇಪ್ ಒತ್ತಿ, ಬಲಗುಂಡಿಯನ್ನೂ ಜೊತೆಗೆ ಒತ್ತಿ, ಮೌಸ್‌ನ ತಂತಿಯನ್ನು ಕಿತ್ತು ಮತ್ತೆ ಚುಚ್ಚಿ, ಪರದೆಗೆ ಬೀಗ ಹಾಕಿ ತೆರೆಯಿರಿ, ಎಳೆಯುತ್ತಿರುವಾಗಲೇ ಕೋಡ್ ಆ ಕಂಟ್ರೋಲನ್ನು ನಿಷ್ಕ್ರಿಯಗೊಳಿಸುವಂತೆ ಮಾಡಿ. ನಮ್ಮ ಪರೀಕ್ಷಾ ಆವೃತ್ತಿಯಲ್ಲಿ ಒಂದು ಟೈಮರ್ ಇದೆ: ಡಯಲ್ ಒತ್ತಿದ ಮೂರು ಸೆಕೆಂಡಿಗೆ ಅದು ಒಂದು ಎಚ್ಚರಿಕೆಯ ಪೆಟ್ಟಿಗೆಯನ್ನು ತೆರೆಯುತ್ತದೆ. ಹೊಸದಾಗಿ ಸೇರಿದವರು ಡಯಲ್‌ನ ಕೋಡ್ ಮುಟ್ಟಿದಾಗಲೆಲ್ಲ ಮೊದಲು ಆ ಪೆಟ್ಟಿಗೆಯನ್ನು ಮುಚ್ಚಿ, ಕೈಯನ್ನು ಗುಂಡಿಯಿಂದ ದೂರವಿಟ್ಟು, ಮೌಸನ್ನು ಡಯಲ್‌ನ ಮೇಲೆ ಸರಿಸಿ, ಮುಳ್ಳು ಕದಲದೆ ಇರುವುದನ್ನು ತೋರಿಸಬೇಕು.